ತಕ್ಕಡಿ ಹಿಡಿಯುವ ಕೈ

ಕೆನಡಾದ ಒಂಟಾರಿಯೋದಲ್ಲಿ ಕೊಲೆ ಆರೋಪಿಯ ಹಣೆಬರಹ ಬರೆಯೋದು ಸಾಮಾನ್ಯವಾಗಿ 12 ಮಂದಿ ಜನಸಾಮಾನ್ಯರ ಜೂರಿ. 2009ರಲ್ಲಿ ಅಲ್ಲೊಂದು ಗುಟ್ಟು ಬಯಲಾಯ್ತು. ಹಲವು ಕಡೆ ಸರ್ಕಾರಿ ವಕೀಲರು ಜೂರಿಗೆ ಬರಬಹುದಾದವರ ಪಟ್ಟಿಯನ್ನು ಪೊಲೀಸರ ಕೈಗಿಟ್ಟು, ಇವರು ಎಂಥವರು ಅಂತ ಕೇಳಿದ್ದರು. ಪೊಲೀಸರು ದಾಖಲೆ ತಿರುವಿ ಹೆಸರಿನ ಪಕ್ಕ ಟಿಪ್ಪಣಿ ಬರೆದಿದ್ದರು.

ಅಪರಾಧಕ್ಕೆ ಶಿಕ್ಷೆಯಾದ ಕೆಲವರು ಜೂರಿಗೆ ಅನರ್ಹರು. ಅಷ್ಟನ್ನು ನೋಡಲಿ, ಸಿಕ್ಕಿದ್ದನ್ನು ಎದುರು ವಕೀಲನಿಗೂ ಕೊಡಲಿ ಅಂತ 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಮರುವಿಚಾರಣೆ ಮಾತ್ರ ಕೊಡಲಿಲ್ಲ.

ನನ್ನ ಪ್ರಶ್ನೆ ಬೇರೆ. ಪೊಲೀಸರ ಪುಸ್ತಕದಲ್ಲಿ ಯಾರ ಹೆಸರಿರುತ್ತೆ? ಅವರ ಲಾಠಿ ದಿನಾ ತಿರುಗೋ ಕೇರಿಯವರದು. ಅಲ್ಲಿನ ಮೂಲನಿವಾಸಿಗಳು ಜೈಲಲ್ಲಿ ಹೆಚ್ಚು, ಜೂರಿಯಲ್ಲಿ ಕಡಿಮೆ ಅಂತ 2013ರ ಇಯಾಕೊಬುಚಿ ವರದಿಯೇ ಹೇಳಿತು. ಇಡೀ ಬುಡಕಟ್ಟುಗಳನ್ನೇ ಹುಟ್ಟುಗಳ್ಳರೆಂದು ಬರೆದ 1871ರ ಕಾಯ್ದೆ ಕಂಡ ನೆಲದವರು ನಾವು. ನಮಗೆ ಆ ಪುಸ್ತಕ ಗೊತ್ತು.

ಪೊಲೀಸರ ಸಾಕ್ಷಿಯೇ ತಕ್ಕಡಿಯಲ್ಲಿರುವಾಗ ತೂಗುವ ಕೈಯನ್ನು ಅವರೇ ಸೋಸೋದು ಯಾವ ನ್ಯಾಯ? ಠಾಣೆಯ ಮೆಟ್ಟಿಲು ತುಳಿದವನು ಪೊಲೀಸರ ಮಾತನ್ನು ಅನುಮಾನಿಸ್ತಾನೆ, ನಿಜ. ತುಳಿಯದವನು ಸುಮ್ಮನೆ ನಂಬ್ತಾನೆ. ಅವನದು ಪಕ್ಷಪಾತ, ಇವನದು ನಿಷ್ಪಕ್ಷಪಾತ ಅಂದವರಾರು? ಇಬ್ಬರೂ ಕೂರಲಿ, ಜಗಳವಾಡಲಿ. 12 ಮಂದಿ ಬೇಕಾದದ್ದೇ ಅದಕ್ಕೆ.