ಇಂದಿನ ಧಮ್ಮ ಚಿಂತನೆ: ಟಿಪ್ಪಣಿ ಬರೆಯುವ ಕೈ





ನಮ್ಮ ಅಧ್ಯಯನ ಬಳಗದ ಹುಡುಗನೊಬ್ಬ ಈಚೆಗೆ ಸಹಾಯಕ ನಗರ ಯೋಜಕನಾಗಿ ಕೆಲಸಕ್ಕೆ ಸೇರಿದ್ದಾನೆ. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ, ಪರೀಕ್ಷೆ ಬರೆದು ಆ ಕುರ್ಚಿಗೆ ಬಂದವನು. ಅವನು ಕೇಳಿದ ಎರಡು ಪ್ರಶ್ನೆಗಳೇ ಇಂದಿನ ಚಿಂತನೆಯ ವಿಷಯ.

ಮೊದಲನೆಯದು: “ಮೇಷ್ಟ್ರೇ, ನಾನು ಜಾಗಕ್ಕೆ ಹೋಗಿ ನೋಡಿ ಟಿಪ್ಪಣಿ ಬರೀತೀನಿ, ಅಷ್ಟೆ. ತೀರ್ಮಾನ ಮಾಡೋರು ಮೇಲಿನೋರು. ಅದರಿಂದ ಯಾರದೋ ಮನೆ ಹೋದ್ರೆ ಅದರಲ್ಲಿ ನನ್ನ ಪಾಲೂ ಇರುತ್ತಾ?”

ಎರಡನೆಯದು: “ನಮ್ಮೋರು ಫೋನ್ ಮಾಡಿ ಕೆಲಸ ಮಾಡಿಕೊಡು ಅಂತಾರೆ. ನಿಯಮ ಹೇಳಿದ್ರೆ, ಸಮಾಜ ಮರೆತ ಅಂತಾರೆ. ಏನ್ ಮಾಡ್ಲಿ?”

ಈ ಪ್ರಶ್ನೆಗಳು ಅವನೊಬ್ಬನವಲ್ಲ. ಗ್ರಾಮ ಲೆಕ್ಕಿಗರು, ಬಿಲ್ ಕಲೆಕ್ಟರು, ನರ್ಸು, ಶಿಕ್ಷಕರು, ನಮ್ಮಲ್ಲಿ ಸರ್ಕಾರಿ ಕೆಲಸದ ಕೆಳಗಿನ ಮೆಟ್ಟಿಲಲ್ಲಿರುವ ಎಲ್ಲರವೂ ಹೌದು.

*ಆ ಕೆಲಸ ಏನು?*

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರು ಹೇಗೆ ಬೆಳೆಯಬೇಕು ಎಂದು ಮಹಾಯೋಜನೆ ಮಾಡುತ್ತಾರೆ. ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ, ಅಂಗಡಿ ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಲೇಔಟ್ ಮಾಡುವವರು ರಸ್ತೆ, ಪಾರ್ಕು, ಸಾರ್ವಜನಿಕ ಸೌಲಭ್ಯಕ್ಕೆ ಜಾಗ ಬಿಟ್ಟು ನಕ್ಷೆ ಕೊಡಬೇಕು. ಹೊಸದಾಗಿ ಸೇರಿದವರ ಪಾಲಿಗೆ ಬರುವುದು ಈ ಕಡತಗಳು. ಸರ್ವೆ ನಂಬರ್ ಹಿಡಿದು ಜಾಗ ನೋಡುವುದು, ಹಳ್ಳ ಎಲ್ಲಿದೆ, ದಾರಿ ಎಷ್ಟು ಅಗಲ ಇದೆ, ಪಕ್ಕದಲ್ಲಿ ಏನಿದೆ ಎಂದು ಬರೆದು ಮೇಲಕ್ಕೆ ಕಳಿಸುವುದು. ಸಹಿ ಹಾಕಿ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ.

ಆದರೆ ಒಂದು ಮಾತನ್ನು ಗಮನಿಸಿ. ಮೇಲಿನವರು ಆ ಜಾಗಕ್ಕೆ ಹೋಗುವುದಿಲ್ಲ. ಅವರು ಓದುವುದು ಈ ಹುಡುಗ ಬರೆದ ಅರ್ಧ ಪುಟವನ್ನು. ಅವನು ಕಂಡದ್ದೇ ಅವರಿಗೆ ಕಾಣುವುದು. ಅವನು ಬಿಟ್ಟದ್ದು ಕಡತದ ಮಟ್ಟಿಗೆ ಇಲ್ಲವೇ ಇಲ್ಲ.

*ನಮ್ಮ ಗುಡ್ಡಗಳಲ್ಲಿ ಇದರ ಅರ್ಥ*

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ನಮ್ಮ ಜನ ಎಲ್ಲಿದ್ದಾರೆ ನೋಡಿ. ತೋಟದ ಲೈನ್ ಮನೆಗಳಲ್ಲಿದ್ದಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ಮಾಲೀಕರೇ ಮನೆ ಕೊಡಬೇಕು ಎಂದಿತು. ಆದರೆ ಕೆಲಸ ನಿಂತರೆ ಮನೆಯೂ ಇಲ್ಲ. ನಲವತ್ತು ವರ್ಷ ಕಾಫಿ ಕುಯ್ದ ಅಜ್ಜಿಗೆ ಕೊನೆಗೆ ಸ್ವಂತದ್ದು ಅಂತ ಒಂದು ಗುಂಟೆ ಇರುವುದಿಲ್ಲ. ಹಾಗೆ ಹೊರಬಂದವರು ಹಳ್ಳದ ಅಂಚಿನಲ್ಲೋ, ಖರಾಬು ಜಾಗದಲ್ಲೋ, ಯಾರಿಗೂ ಬೇಡವಾದ ಇಳಿಜಾರಿನಲ್ಲೋ ಗುಡಿಸಲು ಹಾಕಿಕೊಂಡರು. ಬೇರೆಲ್ಲೂ ಜಾಗ ಸಿಗಲಿಲ್ಲ, ಅದಕ್ಕೆ.

ಬಾಬಾಸಾಹೇಬರ ಬದುಕಿನಲ್ಲೂ ಇದೇ ಆಯಿತು. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಅಧಿಕಾರಿಯಾಗಿ ಸೇರಿದರು. ಇಡೀ ಊರಲ್ಲಿ ಅವರಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಉಳಿದುಕೊಂಡಿದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಊರಿನಲ್ಲಿ ಯಾರಿಗೆ ಎಲ್ಲಿ ಜಾಗ ಎಂಬುದನ್ನು ಅಂದು ಜಾತಿ ತೀರ್ಮಾನಿಸಿತು. ಇಂದು ಕಾನೂನಿನ ಪ್ರಕಾರ ಅದನ್ನು ತೀರ್ಮಾನಿಸಬೇಕಾದದ್ದು ಯೋಜನೆ. ಆ ಯೋಜನೆಯ ಮೊದಲ ಸಾಲು ಬರೆಯುವ ಪೆನ್ನು ನಮ್ಮ ಹುಡುಗನ ಕೈಗೆ ಬಂದಿರುವುದು ಸಣ್ಣ ಸಂಗತಿಯಲ್ಲ.

*ಮಹಾಡ್ ಹೇಳುವ ಪಾಠ*

1923ರಲ್ಲಿ ಮುಂಬಯಿ ಶಾಸನ ಸಭೆ, ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆ ಅದನ್ನು ಒಪ್ಪಿ ತನ್ನದೂ ಒಂದು ನಿರ್ಣಯ ಮಾಡಿತು. ಕಾಗದದಲ್ಲಿ ಚೌದಾರ್ ಕೆರೆ ನಮ್ಮದೂ ಆಯಿತು. ಆದರೂ ಒಬ್ಬರೂ ನೀರು ಮುಟ್ಟಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನು ವಾಪಸ್ ಪಡೆಯಿತು.

ಇಲ್ಲಿ ಎರಡು ಪಾಠಗಳಿವೆ. ಕಾಗದ ಒಂದರಿಂದಲೇ ನೀರು ಸಿಗುವುದಿಲ್ಲ. ಆದರೆ ಕಾಗದವೇ ಬೇಡ ಎನ್ನುವಂತೆಯೂ ಇಲ್ಲ. ಬೆಲೆಯಿಲ್ಲದ ಕಾಗದವಾಗಿದ್ದರೆ ಅವರು ಅದನ್ನು ಅಷ್ಟು ಅವಸರದಲ್ಲಿ ರದ್ದು ಮಾಡುತ್ತಿರಲಿಲ್ಲ.

*ನಾಲ್ಕು ಅಡ್ಡದಾರಿಗಳು*

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಮನುಷ್ಯ ತಪ್ಪು ಹಾದಿ ಹಿಡಿಯುವ ನಾಲ್ಕು ಕಾರಣ ಹೇಳುತ್ತಾರೆ: ಛಂದ, ದೋಸ, ಮೋಹ, ಭಯ. ಇವನ್ನು ಸರ್ಕಾರಿ ಮೇಜಿನ ಮುಂದಿಟ್ಟು ನೋಡೋಣ.

ಭಯ ಎಲ್ಲರಿಗೂ ಗೊತ್ತು. ವರ್ಗಾವಣೆ, ದೊಡ್ಡವರ ಫೋನು, ಪ್ರೊಬೇಷನ್ ಮುಗಿಯದಿದ್ದರೆ ಎಂಬ ಚಿಂತೆ. ದೋಸ ಎಂದರೆ ದ್ವೇಷ. ನಮ್ಮನ್ನು ದೂರ ಇಟ್ಟವನ ಕಡತ ನಮ್ಮ ಮೇಜಿಗೆ ಬಂದಾಗ ಕೈ ತಾನಾಗಿ ನಿಧಾನವಾಗುತ್ತದೆ. ಮೋಹ ಎಂದರೆ ಇಲ್ಲಿ ತಿಳಿಯದಿರುವುದು. ಜಾಗಕ್ಕೆ ಹೋಗದೆ ಗೂಗಲ್ ಚಿತ್ರ ನೋಡಿ ‘ಖಾಲಿ ಜಾಗ’ ಎಂದು ಬರೆದುಬಿಡುವುದು. ಮರದ ನೆರಳಿನಡಿ ಇರುವ ತಗಡಿನ ಮನೆ ಮೇಲಿನಿಂದ ಕಾಣುವುದಿಲ್ಲ.

ಛಂದ ಎಂದರೆ ಬೇಕಾದವರ ಕಡೆ ವಾಲುವುದು. ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ನಮ್ಮವರಿಗೆ ನ್ಯಾಯ ಸಿಗುವಂತೆ ಮಾಡುವುದು ಒಂದು. ನಮ್ಮವರೆಂದು ನಿಯಮ ಬಗ್ಗಿಸುವುದು ಇನ್ನೊಂದು. ಎರಡೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ಬೇರೆ ಮಾಡಿ ನೋಡಲು ಒಂದು ಸರಳ ಪ್ರಶ್ನೆ ಸಾಕು. ಇದೇ ಸಂಗತಿ ಬೇರೆ ಜಾತಿಯ ಬಡವನ ಮನೆಯದ್ದಾಗಿದ್ದರೂ ಇದೇ ಸಾಲು ಬರೆಯುತ್ತಿದ್ದೆನೇ? ತೋಟದ ಸಾಹುಕಾರರದ್ದಾಗಿದ್ದರೂ ಬರೆಯುತ್ತಿದ್ದೆನೇ? ಹೌದು ಎಂದಾದರೆ ಅದು ನ್ಯಾಯ. ನಮ್ಮ ಕೇರಿಯವನೇ ಆಗಿದ್ದು ಪಾರ್ಕಿನ ಜಾಗಕ್ಕೆ ಕೈ ಹಾಕಿದ್ದರೆ, ಅವನ ಪರ ನಿಲ್ಲುವುದು ‘ಪೇ ಬ್ಯಾಕ್’ ಅಲ್ಲ. ಆ ಪಾರ್ಕು ನಮ್ಮ ಮಕ್ಕಳದ್ದೂ ಹೌದು.

*ಕಷ್ಟದ ಉದಾಹರಣೆ*

ಈಗ ಒಂದು ಸಂದರ್ಭ ಊಹಿಸಿಕೊಳ್ಳಿ. ಹೊಸ ರಸ್ತೆಗೆ ಜಾಗ ನೋಡಲು ಹೋದ ಹುಡುಗನಿಗೆ ಹಳ್ಳದ ಅಂಚಿನಲ್ಲಿ ನಮ್ಮವರ ಹನ್ನೊಂದು ಮನೆ ಕಾಣುತ್ತವೆ. ಬರೆದರೆ ‘ಒತ್ತುವರಿ’ ಎಂದು ಜೆಸಿಬಿ ಬರಬಹುದು. ಬರೆಯದಿದ್ದರೆ ಅವರಿಗೆ ದಾರಿ, ನೀರು, ಕರೆಂಟು ಯಾವುದೂ ಯೋಜನೆಯಲ್ಲಿ ಇರುವುದಿಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿದ್ದನ್ನು ನಾವು ಮರೆತಿಲ್ಲ. ಅಪಾಯದ ಜಾಗದಲ್ಲಿ ಜನ ಇದ್ದಾರೆ ಎಂಬುದನ್ನು ಮುಚ್ಚಿಡುವುದು ಅವರಿಗೆ ಮಾಡುವ ಉಪಕಾರವಲ್ಲ.

ಹಾಗಾದರೆ ಕರುಣೆ ಯಾವುದು, ಬರೆಯುವುದೋ ಬಿಡುವುದೋ?

ಅಭಯ ರಾಜಕುಮಾರನಿಗೆ ಬುದ್ಧರು ಮಾತಿನ ಬಗ್ಗೆ ಹೇಳಿದ್ದನ್ನು ನೆನೆಯೋಣ. ಮಾತು ನಿಜವಾಗಿರಬೇಕು, ಹಿತವಾಗಿರಬೇಕು, ಸಮಯವರಿತು ಆಡಬೇಕು. ‘ಹಳ್ಳದ ಅಂಚಿನಲ್ಲಿ ಹನ್ನೊಂದು ಅನಧಿಕೃತ ಮನೆಗಳಿವೆ’ ಎಂಬ ಸಾಲು ನಿಜ. ಆದರೆ ಅದು ಅರ್ಧ ನಿಜ. ಜೆಸಿಬಿ ತರಿಸಲು ಅರ್ಧ ನಿಜವೇ ಸಾಕು. ಎಷ್ಟು ವರ್ಷದಿಂದ ಇದ್ದಾರೆ, ಎಷ್ಟು ಜನ, ಮಕ್ಕಳೆಷ್ಟು, ಯಾವ ತೋಟದ ಕೆಲಸ ಬಿಟ್ಟು ಬಂದರು, ಮತದಾರರ ಪಟ್ಟಿಯಲ್ಲಿ ಇದ್ದಾರೆಯೇ, 94ಸಿ ಅಥವಾ 94ಸಿಸಿ ಅರ್ಜಿ ಹಾಕಿದ್ದಾರೆಯೇ, ಹತ್ತಿರದಲ್ಲಿ ಸುರಕ್ಷಿತ ಸರ್ಕಾರಿ ಜಾಗ ಯಾವ ಸರ್ವೆ ನಂಬರಿನಲ್ಲಿದೆ, ಇವನ್ನೂ ಬರೆದರೆ ಅದು ಪೂರ್ತಿ ನಿಜ. ಅದನ್ನು ಓದಿದವರು ‘ತೆರವು’ ಎಂದು ಬರೆಯುವ ಮೊದಲು ‘ಪುನರ್ವಸತಿ’ ಎಂಬ ಪದವನ್ನು ದಾಟಿ ಹೋಗಬೇಕಾಗುತ್ತದೆ.

ಇದಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ಶ್ರಮ ಬೇಕು. ಅರ್ಧ ದಿನದ ಕೆಲಸ ಮೂರು ದಿನದ್ದಾಗುತ್ತದೆ. ಸಾಮ್ರಾಟ್ ಅಶೋಕ ಇದನ್ನು ಬಲ್ಲವನಾಗಿದ್ದ. ಒಡಿಶಾದ ಧೌಲಿಯ ಬಂಡೆಯಲ್ಲಿ ತೋಸಲಿಯ ನಗರಾಧಿಕಾರಿಗಳಿಗೆಂದೇ ಅವನು ಬರೆಸಿದ ಶಾಸನವಿದೆ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರದ ಜೊತೆಗೆ ಸೋಮಾರಿತನ ಮತ್ತು ದಣಿವನ್ನೂ ಅವನು ಅಧಿಕಾರಿಯ ದೋಷಗಳಲ್ಲಿ ಎಣಿಸುತ್ತಾನೆ. ಅದೇ ಶಾಸನದ ಭಾಗಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತವು. ಆ ಕಲ್ಲನ್ನು ದೇವಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದರು.

*ಮೊದಲ ಪ್ರಶ್ನೆಗೆ ಉತ್ತರ*

ತೀರ್ಮಾನ ಮೇಲಿನವರದ್ದು, ಅದರ ಹೊಣೆಯೂ ಅವರದ್ದು. ಆದರೆ ಟಿಪ್ಪಣಿ ನಿನ್ನದು. ಕಂಡದ್ದನ್ನು ಪೂರ್ತಿ ಬರೆದು, ಅದು ಮೇಲೆ ತಿರಸ್ಕೃತವಾದರೆ ನಿನ್ನ ಕೆಲಸ ಕೆಟ್ಟಿಲ್ಲ. ಕಂಡೂ ಬಿಟ್ಟಿದ್ದರೆ ಅದರಲ್ಲಿ ನಿನ್ನ ಪಾಲಿದೆ. ಸಮ್ಯಕ್ ಆಜೀವ ಎಂದರೆ ಲಂಚ ಮುಟ್ಟದಿರುವುದು ಮಾತ್ರವಲ್ಲ. ನೋಡಲೆಂದು ಸಂಬಳ ಪಡೆಯುವವನು ನೋಡಬೇಕು.

ಬರೆದ ಮಾತ್ರಕ್ಕೆ ಮನೆ ಉಳಿಯುತ್ತದೆ ಎಂದು ನಾನು ಹೇಳಲಾರೆ. ಎಷ್ಟೋ ಸಲ ಉಳಿಯುವುದಿಲ್ಲ. ಆದರೆ ಕಡತದಲ್ಲಿ ಸಾಲು ಉಳಿಯುತ್ತದೆ. ನಾಳೆ ಮಾಹಿತಿ ಹಕ್ಕಿನಲ್ಲಿ ಯಾರೋ ಕೇಳುತ್ತಾರೆ, ನ್ಯಾಯಾಲಯದಲ್ಲಿ ಯಾರೋ ಓದುತ್ತಾರೆ.

*ನಮ್ಮ ಪಾಲು*

ಹುಡುಗನ ಮೇಲೆ ಎಲ್ಲ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ಮಹಾಯೋಜನೆಯ ಕರಡು ಪ್ರಕಟವಾದರೆ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಣೆ, ಸಲಹೆ ಕೊಡಬಹುದು. ಲೇಔಟ್ ಮಾಡುವವರು ಹೋಗಿ ನೋಡುತ್ತಾರೆ. ನಮ್ಮ ಕೇರಿಯಿಂದ ಎಷ್ಟು ಜನ ಹೋಗಿದ್ದೇವೆ? ನಮ್ಮ ಸ್ಮಶಾನ ನಕ್ಷೆಯಲ್ಲಿದೆಯೇ? ಅಂಬೇಡ್ಕರ್ ಭವನಕ್ಕೆ ಹೋಗುವ ದಾರಿ ಇದೆಯೇ? ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಪರಿಶಿಷ್ಟರಿಗೆಂದು ಮೀಸಲಿಡುವ ಶೇ 24.10ರ ಹಣ ಯಾವ ಬೀದಿಗೆ ಹೋಯಿತು? ಇದನ್ನೆಲ್ಲ ಕೇಳುವುದು ನಮ್ಮ ಕೆಲಸ. ಒಬ್ಬನ ಫೋನಿಗೆ ಹತ್ತು ಸಲ ಕರೆ ಮಾಡುವ ಬದಲು, ಹತ್ತು ಜನ ಸಹಿ ಮಾಡಿದ ಒಂದು ಅರ್ಜಿ ಕೊಟ್ಟರೆ ಅವನಿಗೂ ಬಲ, ನಮಗೂ ಮರ್ಯಾದೆ.

ಯಾರ ಪುಣ್ಯ ಹಗಲೂ ರಾತ್ರಿ ಬೆಳೆಯುತ್ತದೆ ಎಂದು ಕೇಳಿದಾಗ ಬುದ್ಧರು ಪೂಜೆ ಮಾಡಿಸಿದವರನ್ನು ಹೆಸರಿಸಲಿಲ್ಲ. ಮರ ನೆಟ್ಟವರು, ಸೇತುವೆ ಕಟ್ಟಿದವರು, ಬಾವಿ ತೋಡಿದವರು, ನೆಲೆ ಕೊಟ್ಟವರು ಎಂದರು. ಭದ್ರೆ ಉಕ್ಕಿದಾಗ ಹೆಬ್ಬಾಳೆ ಸೇತುವೆ ಮುಳುಗುವುದನ್ನು ಕಂಡ ನಮಗೆ, ಕಾಲುಸಂಕ ದಾಟಿ ಶಾಲೆಗೆ ಬರುವ ಮಕ್ಕಳನ್ನು ಕಾಯುವ ನಮಗೆ, ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

*ಇಂದಿನ ಅಭ್ಯಾಸ:* ಇಂದು ನೀವು ಬರೆಯುವ ಒಂದು ವರದಿ, ಒಂದು ಹಾಜರಿ, ಒಂದು ಲೆಕ್ಕದಲ್ಲಿ ಯಾರನ್ನು ಬಿಟ್ಟಿದ್ದೀರಿ ಎಂದು ಐದು ನಿಮಿಷ ಕುಳಿತು ನೋಡಿ. ಬಿಟ್ಟಿದ್ದರೆ ಸೇರಿಸಿ. ಈ ಸಂದೇಶವನ್ನು ಸರ್ಕಾರಿ ಕೆಲಸದಲ್ಲಿರುವ ನಮ್ಮ ಮಕ್ಕಳಿಗೆ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ. 🙏