ಗೃಹತ್ಯಾಗವೆಂಬ ಕ್ರಿಯೆ



ಭಗವಜ್ಜಿನಸೇನಾಚಾರ್ಯರು ಆದಿಪುರಾಣದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ನಿರೂಪಿಸಿರುವರು. ಕೆಲವು ತಿಂಗಳ ಕೂಸನ್ನು ಮನೆಯ ಹೊರಗೆ ತರುವುದು ಬಹಿರ್ಯಾನ. ತಾಯಿಯ ಮಡಿಲನ್ನಷ್ಟೇ ಅರಿತ ಜೀವಕ್ಕೆ ಬಂಧುಬಳಗದ ಪ್ರಥಮ ಪರಿಚಯವದು. 5ನೆಯ ವರ್ಷ ಲಿಪಿಸಂಖ್ಯಾನದಿಂದ ಗುರುವಿನ ಸಂಗ, 8ನೆಯ ವರ್ಷ ಉಪನೀತಿಯಿಂದ ವ್ರತದ ಹೊಣೆ. ವಿವಾಹಾನಂತರದ ವರ್ಣಲಾಭದಲ್ಲಿ ತಂದೆಯೇ ಮಗನಿಗೆ ಧನವಿತ್ತು ಬೇರೆ ಮನೆ ಹೂಡಿಸುವನು. (ಬೇರೆಯಾಗುವುದನ್ನು ನಾವು ಜಗಳವೆಂದೇ ಬಗೆಯುತ್ತೇವೆ, ಆಚಾರ್ಯರು ಅದನ್ನು ಸಂಸ್ಕಾರವೆಂದರು.)

ಇಲ್ಲಿಯವರೆಗೆ ಕಷ್ಟವಿಲ್ಲ. ಕಷ್ಟವಿರುವುದು ಗೃಹತ್ಯಾಗದಲ್ಲಿ. ಹಿರಿಯನು ಜ್ಯೇಷ್ಠಪುತ್ರನನ್ನು ಕರೆದು, ಸಂಪತ್ತಿನ ಒಂದು ಭಾಗ ಧರ್ಮಕಾರ್ಯಕ್ಕೆ, ಒಂದು ಮನೆವೆಚ್ಚಕ್ಕೆ, ಮೂರನೆಯದು ಒಡಹುಟ್ಟಿದವರಿಗೆ ಎಂದು ವಿಧಿಸಿ ಹೊರಡಬೇಕು. ಆ ಮೂರನೆಯದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. 9ನೆಯ ಶತಮಾನದ ಮಾತಿದು!

ಮನೆಯಲ್ಲೇ ಉಳಿಯುವವರಿಗೆ ಸಮಂತಭದ್ರಾಚಾರ್ಯರು ಹೇಳಿದ ಹತ್ತನೆಯ ಪ್ರತಿಮೆ, ಅನುಮತಿತ್ಯಾಗವಿದೆ. ಆರಂಭ, ಪರಿಗ್ರಹ, ಲೌಕಿಕ ಕಾರ್ಯಗಳಿಗೆ ಸಮ್ಮತಿಯನ್ನೂ ನೀಡದಿರುವುದೇ ಅದು. ಚತುರ್ದಶಿಯ ಪ್ರೋಷಧೋಪವಾಸವನ್ನು ತಪ್ಪದೆ ಆಚರಿಸುವ ಹಿರಿಯರೇ ಅಂದು ಸಂಜೆ ಸೊಸೆಯನ್ನು ಕರೆದು ಹಾಲಿನ ಲೆಕ್ಕ ಕೇಳುವುದುಂಟು. ಆಹಾರ ಬಿಟ್ಟಿತು, ಮಾನಕಷಾಯ ಬಿಡಲಿಲ್ಲ. ಅಂಥವರು ಮುಂದಿನ ಚತುರ್ದಶಿಗೆ ಬೀಗದಕೈ ಗೊಂಚಲನ್ನೂ ಸೊಸೆಯ ಕೈಗಿತ್ತು, ಪಾರಣೆಯಾದ ಮೇಲೂ ಮರಳಿ ಕೇಳದೆ ಇದ್ದು ನೋಡಬಹುದು.