ಸಮಚಿತ್ತವೆಂದರೆ ನಿಶ್ಚಲತೆಯೆ?

ಅಮ್ಮನ ಆಸ್ಪತ್ರೆ ಖರ್ಚಿನ ವಿಷಯಕ್ಕೆ ಅಕ್ಕ ಫೋನಿನಲ್ಲಿ ಕೂಗಾಡಿದ ರಾತ್ರಿ ನಾನು ಎದುರಾಡಲಿಲ್ಲ. ಯೋಗದ ತರಗತಿಯಲ್ಲಿ ಕಲಿತಂತೆ ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಟ್ಟೆ. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ಎದೆ ಹಗುರಾಯಿತು. "ಆಯ್ತು ಅಕ್ಕ, ನಾಳೆ ಮಾತಾಡೋಣ" ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ನಿಂಗೆ ಏನೂ ಅನ್ಸೋದೇ ಇಲ್ವೇನೋ?" ಎಂದು ಫೋನ್ ಇಟ್ಟಳು.

ಸಿಟ್ಟು ಬಾರದಂತೆ ನೋಡಿಕೊಂಡದ್ದು ನನ್ನ ಗುಣ ಎಂದುಕೊಂಡಿದ್ದೆ. ಅಕ್ಕನ ಪ್ರಶ್ನೆ ಅದನ್ನು ಅಲ್ಲಾಡಿಸಿತು.

ಉಸಿರು ಹೃದಯಕ್ಕೆ ಮಾಡುವುದಾದರೂ ಏನು? ಉಸಿರೆಳೆದಾಗ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನಿಸುತ್ತದೆ. ಮಿದುಳಿನ ಬುಡದಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಕಡಿವಾಣವಿದ್ದಂತೆ. ಉಸಿರೆಳೆದಾಗ ಅದು ಸಡಿಲಾಗುತ್ತದೆ, ಬಿಟ್ಟಾಗ ಬಿಗಿಯುತ್ತದೆ. ಜರ್ಮನಿಯ ಶರೀರವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲೇ ಈ ಏರಿಳಿತವನ್ನು ದಾಖಲಿಸಿದ್ದ. ಹಾಗಾಗಿ ನಿಮಿಷಕ್ಕೆ 60 ಬಡಿತವೆಂದರೆ ಸೆಕೆಂಡಿಗೆ ಕರಾರುವಾಕ್ಕಾಗಿ ಒಂದು ಎಂದಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವ ನಾವು ಅದನ್ನು ಆರಕ್ಕೆ ಇಳಿಸಿದರೆ ಈ ಹಿಗ್ಗು-ಕುಗ್ಗು ದೊಡ್ಡದಾಗುತ್ತದೆ. ಇಟಲಿಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯೂ 'ಓಂ ಮಣಿ ಪದ್ಮೇ ಹೂಂ' ಮಂತ್ರವೂ ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೇ ತಂದು ನಿಲ್ಲಿಸಿದವು.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇಲ್ಲಿದೆ. ನಿಧಾನದ ಉಸಿರು ಹೃದಯವನ್ನು ಒಂದೇ ಸಮ ಮಾಡುವುದಿಲ್ಲ, ಇನ್ನಷ್ಟು ಬದಲಾಗುವಂತೆ ಮಾಡುತ್ತದೆ. ಮಧುಮೇಹದಿಂದ ಈ ನರಗಳು ತೀರಾ ಹಾಳಾದವರಲ್ಲಿ ಹೃದಯ ಹೆಚ್ಚುಕಡಿಮೆ ಗಡಿಯಾರದಂತೆ ಬಡಿಯುತ್ತದೆ. ವೈದ್ಯರು ಅದನ್ನು ಶಾಂತಿ ಎನ್ನುವುದಿಲ್ಲ, ರೋಗಲಕ್ಷಣ ಎನ್ನುತ್ತಾರೆ. ಸಮಚಿತ್ತವನ್ನು ನಾವು ಅಲುಗಾಡದ ಬಂಡೆಯಂತೆ ಕಲ್ಪಿಸಿಕೊಳ್ಳುತ್ತೇವೆ. ಆರೋಗ್ಯವಂತ ಹೃದಯವಾದರೋ ಕರೆಗೆ ಓಗೊಟ್ಟು, ಮತ್ತೆ ತನ್ನ ನೆಲೆಗೆ ಮರಳುತ್ತದೆ.

ಆದರೆ ದೇಹದ ನಿಯಮವನ್ನೇ ನೀತಿಯ ನಿಯಮ ಎಂದುಬಿಡುವುದು ಅವಸರದ ಮಾತು. ಕನ್ನ ಹಾಕುವವನೂ ದೀರ್ಘವಾಗಿ ಉಸಿರಾಡಿ ಕೈ ನಡುಗದಂತೆ ನೋಡಿಕೊಳ್ಳಬಹುದು. ಉಸಿರು ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಸಿಟ್ಟಿಗೂ ಮಾತಿಗೂ ನಡುವೆ ಅದು ಒಂದಿಷ್ಟು ಬಿಡುವು ಕೊಡುತ್ತದೆ, ಅಷ್ಟೆ. ಆ ಬಿಡುವಿನಲ್ಲಿ ಏನು ಮಾಡಿದೆವು ಎಂಬಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ.

ಆ ರಾತ್ರಿ ನನಗೆ ಅರ್ಧ ನಿಮಿಷದ ಬಿಡುವು ಸಿಕ್ಕಿತ್ತು. ಅಕ್ಕ ಯಾಕೆ ಕೂಗುತ್ತಿದ್ದಾಳೆ ಎಂದು ಕೇಳಿಸಿಕೊಳ್ಳಲು ಅದನ್ನು ಬಳಸಬಹುದಿತ್ತು. ಹತ್ತು ದಿನದಿಂದ ಅಮ್ಮನ ಮಂಚದ ಪಕ್ಕ ಕೂತವಳು ಅವಳು. ದೀರ್ಘವಾಗಿ ಉಸಿರಾಡಲು ಅವಳಿಗೆ ಪುರುಸೊತ್ತೇ ಇರಲಿಲ್ಲ. ನಾನು ಆ ಬಿಡುವನ್ನು ಜಾರಿಕೊಳ್ಳಲು ಬಳಸಿದೆ. ಜಾರಿಕೊಂಡದ್ದಕ್ಕೆ ಸಮಾಧಾನ ಎಂಬ ದೊಡ್ಡ ಹೆಸರಿಟ್ಟೆ.

ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡಿದೆ. "ಎಷ್ಟು ಕಟ್ಟಬೇಕು ಹೇಳಕ್ಕ, ಸಂಜೆ ಬಸ್ಸಿಗೆ ಬರ್ತೀನಿ" ಎನ್ನುವಾಗ ಧ್ವನಿ ನಡುಗಿತು. ಈ ಸಲ ಅದನ್ನು ಉಸಿರಿನಿಂದ ಸರಿಮಾಡಿಕೊಳ್ಳಲು ಹೋಗಲಿಲ್ಲ.